ಬೆಣ್ಣಿಹಳ್ಳಕ್ಕೆ ಬಂದ ಹೋವರ್‌ಕ್ರಾಫ್ಟ್

ಫ್ಯಾನಿನ ರೆಕ್ಕೆ ಕಿತ್ತುಬಂದು ಯಾರದೋ ಎಮ್ಮೆಗೆ ಬಡಿಯಬಹುದಿತ್ತು. ಎಮ್ಮೆ ತಪ್ಪಿಸಿಕೊಂಡರೆ ನನಗೆ. ತಾಡಪತ್ರಿ ಹರಿಯಬಹುದಿತ್ತು. ಮಾಮಾ ಬೆಣ್ಣಿಹಳ್ಳದಲ್ಲಿ ತೇಲಿ, ಮಲಪ್ರಭೆ ಸೇರಿ, ಕೃಷ್ಣೆ ಸೇರಿ, ಕೊನೆಗೆ ಆಂಧ್ರದ ಪೊಲೀಸರು ನನಗೆ ಫೋನ್ ಮಾಡಬಹುದಿತ್ತು. ಅದಕ್ಕೆಂದೇ ಫೋನ್ ಚಾರ್ಜ್ ಮಾಡಿಟ್ಟುಕೊಂಡಿದ್ದೆ! ಹೀಗೆ ಕೇಡನ್ನೇ ಎಣಿಸುವ ಗುಣ ಅವ್ವನಿಂದ ಬಂದದ್ದು. ಹಿಟ್ಟಿನ ಗಿರಣಿಗೆ ಹೊರಟರೂ ಅರ್ಧ ದಾರಿಯಿಂದ ಮರಳಿ ಬಂದು ಬೀಗ ಜಗ್ಗಿ ನೋಡುವವಳು ಅವಳು.

ಮಾಮಾ ಅವ್ವನ ಕಿರಿಯ ತಮ್ಮ. ಫೌಜಿನಲ್ಲಿ ಹೋವರ್‌ಕ್ರಾಫ್ಟ್ ಓಡಿಸುತ್ತಿದ್ದ. ಹಡಗಿನಿಂದ ಜವಾನರನ್ನು ಹೇರಿಕೊಂಡು, ನೀರಿನ ಮೇಲೆ ಗಾಳಿಯ ಹಾಸಿಗೆ ಹಾಸಿಕೊಂಡು ಬಂದು, ದಂಡೆಯಲ್ಲಿ ನಿಲ್ಲದೆ ಸೀದಾ ಉಸುಕಿನ ಮೇಲೇರುವ ವಾಹನ ಅದು. ಹೋದ ವರ್ಷದ ಕೊನೆಗೆ ನಿವೃತ್ತನಾಗಿ ನವಲಗುಂದದ ಕಡೆಯ ತನ್ನೂರಿಗೆ ಬಂದ ಮೇಲೂ ಅವನಿಗೆ ದಂಡೆಯಲ್ಲಿ ನಿಲ್ಲುವುದು ಒಗ್ಗಲಿಲ್ಲ. ಮದುವೆಯ ಪಂಕ್ತಿ ನೋಡಿದರೆ, "ಎಡಗಡೆ ಖಾಲಿ ಐತಿ, ಅಲ್ಲೇ ಇಳಿಯೂಣು" ಎನ್ನುತ್ತಿದ್ದ. ಎರೆಮಣ್ಣಿನಲ್ಲಿ ಟ್ರ್ಯಾಕ್ಟರ್ ಹೂತರೆ, "ಗಾಲಿ ಇರೂದ ತಪ್ಪು ನೋಡ್ರಿ" ಎಂದು ಮರುಗುತ್ತಿದ್ದ.

ಇದು ನಗುವ ಮಾತು. ನಗಲಾರದ್ದು ನಾಗರ ಪಂಚಮಿಯ ಮಾತು. ನಮ್ಮಲ್ಲಿ ಹೆಣ್ಣುಮಕ್ಕಳು ಪಂಚಮಿಗೆ ತಾವಾಗಿ ತವರಿಗೆ ಹೋಗುವುದಿಲ್ಲ. ತವರಿನವರು ಬಂದು ಕರೆಯಬೇಕು. ಅವ್ವನ ಅಪ್ಪ, ನಮ್ಮಜ್ಜ, ಇರುವತನಕ ಚಕ್ಕಡಿ ಹೂಡಿ ಹಳ್ಳ ದಾಟಿ ನಮ್ಮೂರಿಗೆ ಬರುತ್ತಿದ್ದ. ಆಮೇಲೆ ಬರಬೇಕಾದವನು ಮಾಮಾ. ಅವನಿಗೆ ರಜೆ ಸಿಗುವಷ್ಟರಲ್ಲಿ ಪಂಚಮಿ ಮುಗಿದಿರುತ್ತಿತ್ತು. ಅವ್ವ ಮಾತ್ರ ಪ್ರತಿವರ್ಷ ಶೇಂಗಾ, ಎಳ್ಳಿನ ಉಂಡಿ ಕಟ್ಟಿಟ್ಟು, ಹಳ್ಳದ ಕಡೆ ಮುಖ ಮಾಡಿ ಮನೆಕಟ್ಟೆಯ ಮೇಲೆ ಕೂರುತ್ತಿದ್ದಳು. ಕೇಳಿದರೆ, "ಗಾಳಿಗೆ ಕುಂತೀನಿ" ಎನ್ನುತ್ತಿದ್ದಳು.

ಈ ಸಲ ಮಾಮಾ ಫೋನ್ ಮಾಡಿದ. "ಪಂಚಮಿಗೆ ಬರ್ತೀನಿ ಬೇ ಅಕ್ಕ."

"ಬಸ್ಸಿನ್ಯಾಗ ಸುತ್ತು ಹಾಕ್ಕೊಂಡು ಬರೂದಾದ್ರ ಬರಬ್ಯಾಡ. ಅಪ್ಪ ಬಂದ ಹಾದಿ ಹಿಡದು ಬಾ."

"ಹಳ್ಳಕ್ಕ ನೀರ ಬಂದೈತಲ್ಲ?"

"ಸಮುದ್ರ ದಾಟಿಸಿದಾಂವ ಅಂತ ಊರ ತುಂಬ ಹೇಳ್ಕೋತ ಅಡ್ಡಾಡ್ತಿಯಲ್ಲ ಲೇ!"

ಅಲ್ಲಿಗೆ ಮುಗಿಯಿತು. ಹಳೆಯ ಬಾಗಿಲಿನ ಹಲಗೆ, ತಾಡಪತ್ರಿ, ಕಾಳು ತೂರುವ ಫ್ಯಾನು, ಡೀಸೆಲ್ ಎಂಜಿನ್ ಕೂಡಿ ಹೋವರ್‌ಕ್ರಾಫ್ಟ್ ಆದವು. ಮೊದಲ ಪರೀಕ್ಷೆಗೆ ಊರವರು ಚೀಲ ಹೊತ್ತು ಬಂದರು. "ಗಾಳಿ ಅಗದಿ ಚೊಲೋ ಐತ್ರಿ ಫೌಜಿ ಸಾಹೇಬ್ರ. ಹಾರೂಕಿಂತ ಮೊದಲ ನಮ್ಮ ಹೆಸರಕಾಳಷ್ಟು ತೂರಿ ಕೊಡ್ರಿ."

ಪಂಚಮಿಯ ದಿನ ನನ್ನ ಹೆಂಡತಿ ತನ್ನ ತವರಿಗೆ ಹೋಗಿದ್ದಳು. ಈಚೆ ದಂಡೆಯಲ್ಲಿ ಇಳಕಲ್ ಸೀರೆ ಉಟ್ಟ ಅವ್ವ, ಉಂಡಿಯ ಡಬ್ಬಿ, ಹಗ್ಗ ಹಿಡಿದ ನಾನು. ಆಚೆ ದಂಡೆಯಲ್ಲಿ ಮಾಮಾ ನಮಗೊಂದು ಸೆಲ್ಯೂಟ್ ಹೊಡೆದು ಎಂಜಿನ್ ಚಾಲೂ ಮಾಡಿದ. ಯಂತ್ರ ಗೇಣುದ್ದ ಎದ್ದಿತು ನೋಡಿ! ನೋಡಲು ಬಂದವರಿಗೆಲ್ಲ ಎರೆಕೆಸರು ಸಿಡಿಸಿತು, ತನ್ನ ಸುತ್ತ ತಾನೇ ತಿರುಗಿತು, ಎದ್ದಲ್ಲೇ ಕುಳಿತುಬಿಟ್ಟಿತು. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ.

ಮಾಮಾ ಎಂಜಿನ್ ಆರಿಸಿ ಒಂದು ಕ್ಷಣ ಹಳ್ಳ ನೋಡಿದ. ಮೊಳಕಾಲ ಮಟ್ಟದ ನೀರು. ಧೋತರ ಎತ್ತಿ ಕಟ್ಟಿ ನಡೆದೇ ಬಂದ. ಮುಖವೆಲ್ಲ ಕೆಸರು, ಹಲ್ಲಷ್ಟೇ ಬಿಳಿ.

"ಅಕ್ಕ, ಕರಿಯಾಕ ಬಂದೀನಿ."

"ಭಾಳ ತಡಾ ಮಾಡಿದ್ಯೋ," ಎಂದಳು ಅವ್ವ, ಹೊಸ ಸೀರೆಯ ಸೆರಗಿನಿಂದ ಅವನ ಮುಖ ಒರೆಸುತ್ತ.

ಇಬ್ಬರೂ ಕೈ ಹಿಡಿದು ಹಳ್ಳ ದಾಟಿದರು. ಡಬ್ಬಿ ಹೊತ್ತು ನಾನು ಹಿಂದೆ.

ಸಂಜೆ ಅವ್ವ ತವರಿನ ಜೋಕಾಲಿಯಲ್ಲಿ ಕುಳಿತಿದ್ದಾಗ ನನ್ನ ಫೋನ್ ರಿಂಗಾಯಿತು. ಆಂಧ್ರದ ಪೊಲೀಸರಲ್ಲ, ನಮ್ಮ ಬಾಜು ಮನೆಯವರು.

"ಕಳವು ಏನೂ ಆಗಿಲ್ರಿ. ಆದ್ರ ಮನಿ ಬಾಗಿಲಾ ಮುಂಜಾನಿಂದ ಹಾರು ಹೊಡದು ತೆರದ ಐತಿ. ನಿಮ್ಮವ್ವಾರು ಬೀಗಾ ಹಾಕದ, ಮನಿಕಟ್ಟಿ ಮ್ಯಾಲ ಮರತು ಬಿಟ್ಟು ಹೋಗ್ಯಾರ."