ಮಾವನವರ ದನಿಗೆ ನನ್ನ ರಿಪೇರಿ

"ಇವನ್ನ ನಾನೇ ರಿಪೇರಿ ಮಾಡ್ತೀನಿ!" ಎಂದು ನಾನು ಘೋಷಿಸಿದಾಗ, ಬಟ್ಟೆ ಮಡಿಸುತ್ತಿದ್ದ ನನ್ನ ಹೆಂಡತಿಯ ಕೈ ಗಾಳಿಯಲ್ಲೇ ನಿಂತಿತು.

"ಯಾವುದನ್ನ?"

"ನಿಮ್ಮಪ್ಪನ ಸ್ಪೀಕರ್‌ಗಳನ್ನ! ಒಂದೇ ವಾರ. ಅಂಗಡಿಯೋನು ನಾಚ್ಕೋಬೇಕು, ಹಾಗೆ ಮಾಡಿಕೊಡ್ತೀನಿ."

"ಹೋದ ತಿಂಗಳು ಇಸ್ತ್ರಿ ಪೆಟ್ಟಿಗೆಗೂ ಹೀಗೇ ಅಂದಿದ್ರಿ. ಪಾಪ, ಅದೀಗ ಬಾಗಿಲಿಗೆ ಅಡ್ಡ ಇಡೋಕೆ ಉಪಯೋಗ ಆಗ್ತಿದೆ."

ಸಾಧಕನಿಗೆ ಮನೆಯಲ್ಲಿ ಸಿಗುವ ಪ್ರೋತ್ಸಾಹ ಈ ಮಟ್ಟದ್ದು, ನೋಡಿ!

ನನ್ನ ಮಾವನವರು ಮೂವತ್ತೈದು ವರ್ಷ ರೈಲು ನಿಲ್ದಾಣದಲ್ಲಿ ಗಾಡಿಗಳ ಬರುವಿಕೆ, ಹೊರಡುವಿಕೆಯನ್ನು ಸಾರಿದವರು. ಅಬ್ಬಾ, ಅದೇನು ಕಂಠ! ಅವರು ಮನೆಯಲ್ಲಿ ಕುಡಿಯಲು ನೀರು ಕೇಳಿದರೆ ಎದುರು ಮನೆಯವರು ಪೆಟ್ಟಿಗೆ ಎತ್ತಿಕೊಂಡು ಹೊರಡಬೇಕು, ಹಾಗಿತ್ತು. ಹೋದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಅಂದಿನಿಂದ ಅವರದು ಬರೀ ಪಿಸುಮಾತು. ನಿವೃತ್ತಿಯ ದಿನ ಅವರು ಮಾಡಿದ ಕೊನೆಯ ಪ್ರಕಟಣೆಯನ್ನು ಸಹೋದ್ಯೋಗಿಗಳು ಟೇಪಿನಲ್ಲಿ ಹಿಡಿದಿಟ್ಟಿದ್ದರು. ಭಾನುವಾರ ಅವರ ಎಪ್ಪತ್ತನೇ ಹುಟ್ಟುಹಬ್ಬ. ನಮ್ಮ ಅಟ್ಟದಲ್ಲಿ ಬಿದ್ದಿದ್ದ ಅವರದೇ ಹಳೆಯ ಸ್ಪೀಕರ್‌ಗಳಲ್ಲಿ ಆ ಟೇಪನ್ನು ಅವರಿಗೆ ಕೇಳಿಸಬೇಕೆಂಬುದು ನನ್ನವಳ ಆಸೆ.

"ಅಪ್ಪನಿಗೆ ಉಳಿದಿರೋದು ಅದೊಂದೇ ದನಿ ಕಣ್ರೀ. ದಯವಿಟ್ಟು ಕೆಡಿಸಬೇಡಿ," ಎಂದಳು. ಆ ಮಾತು ಎದೆಗೆ ನಾಟಿತು. ಆದರೆ ಕೈ ಸುಮ್ಮನಿರಬೇಕಲ್ಲ!

ಸೊಂಟದೆತ್ತರದ ಎರಡು ಮರದ ಪೆಟ್ಟಿಗೆಗಳು. ಒಳಗೆ ದನಿ ಹೊರಡಿಸುವ ಕಾಗದದ ಬಟ್ಟಲಿನ ಸುತ್ತ ಇದ್ದ ಫೋಮಿನ ಉಂಗುರವನ್ನು ಬೆರಳಿನಿಂದ ಮುಟ್ಟಿದೆನಷ್ಟೆ, ಹಳೇ ಬಿಸ್ಕತ್ತಿನ ಹಾಗೆ ಉದುರಿಹೋಯಿತು. ಹೊಸ ಉಂಗುರ, ಅಂಟು ತರಿಸಿದೆ. ಜೊತೆಯಲ್ಲಿ ಉದ್ದನೆಯ ಸೂಚನಾಪತ್ರವೂ ಬಂತು. ಸೂಚನೆ ಓದುವುದು ಅಂಜುಬುರುಕರ ಕೆಲಸ! ಅಂಟು ಮೇಜಿಗೆ ತಾಗದಿರಲಿ ಎಂದು ಆ ಪತ್ರವನ್ನೇ ಊಟದ ಮೇಜಿನ ಮೇಲೆ ಹಾಸಿ, ಅದರ ಮೇಲೆ ಸ್ಪೀಕರ್ ಇಟ್ಟುಕೊಂಡು ಕೂತೆ. ಒಂದು ವಾರ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡೆವು. ಮಧ್ಯೆ ಒಂದು ಸಂಜೆ ನನ್ನ ಎರಡು ಬೆರಳು ಬಟ್ಟಲಿಗೇ ಅಂಟಿಕೊಂಡವು. ಹೆಂಡತಿ ಎಣ್ಣೆ ಹಚ್ಚಿ ಬಿಡಿಸಿದಳು.

"ಸ್ಪೀಕರಿಗೆ ಅಳಿಯ ಫಿಟ್ ಆದ. ಇನ್ನು ಮಾವನ್ನ ಕರೆಯೋದೊಂದೇ ಬಾಕಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬರೀ ರಿಪೇರಿ ಯಾರು ಬೇಕಾದರೂ ಮಾಡುತ್ತಾರೆ. ನಾನು ಸುಧಾರಣೆಗೂ ಕೈ ಹಾಕಿದೆ. ಪೆಟ್ಟಿಗೆಯೊಳಗೆ ತುಂಬಲು ಹತ್ತಿ ಬೇಕಿತ್ತು, ಅವಳ ದಿಂಬು ತೆಳ್ಳಗಾಯಿತು. ಮುಂಭಾಗಕ್ಕೆ ಬಟ್ಟೆ ಬೇಕಿತ್ತು, ಹಜಾರದ ಪರದೆ ಮೊಣಕಾಲಿಗೆ ಬಂತು. ಇನ್ನು ವೈರುಗಳಲ್ಲಿ ಒಂದು ಕೆಂಪು, ಒಂದು ಕಪ್ಪು. ಶುಭ ಸಂದರ್ಭಕ್ಕೆ ಆ ಕಪ್ಪು ನನಗೆ ಹಿಡಿಸಲಿಲ್ಲ. ಎಲ್ಲವನ್ನೂ ಕಿತ್ತುಹಾಕಿ, ಥಳಥಳಿಸುವ ಕೆಂಪು ವೈರನ್ನೇ ಎಲ್ಲ ಕಡೆಗೂ ಬೆಸೆದೆ.

"ಯಾವುದು ಎಲ್ಲಿಗೆ ಅಂತ ಗುರುತು ಹಾಕ್ಕೊಂಡ್ರಾ?"

"ಕರೆಂಟಿಗೆ ಅದರ ದಾರಿ ಗೊತ್ತಿರುತ್ತೆ ಕಣೇ!"

ಒಂದೊಂದೇ ಪೆಟ್ಟಿಗೆ ಹಚ್ಚಿ ನೋಡಿದೆ. ಎರಡೂ ಗುಡುಗಿದವು! ಎರಡನ್ನೂ ಒಟ್ಟಿಗೆ ಕೇಳುವ ಭಾಗ್ಯ ಮಾವನವರಿಗೇ ಮೊದಲು ಸಿಗಲೆಂದು ಅಲ್ಲಿಗೇ ನಿಲ್ಲಿಸಿದೆ.

ಭಾನುವಾರ ಮಧ್ಯಾಹ್ನ ಮಾವನವರನ್ನು ಎರಡು ಸ್ಪೀಕರ್‌ಗಳಿಗೂ ಸರಿಯಾಗಿ ನಡುವೆ ಕುರ್ಚಿ ಹಾಕಿ ಕೂರಿಸಿದೆ. ಪಕ್ಕದಲ್ಲಿ ಅತ್ತೆ. ನಾನು ಹನ್ನೊಂದು ನಿಮಿಷಗಳ ಚುಟುಕು ಭಾಷಣ ಮಾಡಿ ಗುಂಡಿ ಒತ್ತಿದೆ.

ದನಿ ಬಂತು. ಅಯ್ಯೋ, ಅದನ್ನು ದನಿ ಎನ್ನುವುದು ಹೇಗೆ! ಡಬ್ಬಿಯಲ್ಲಿ ಸಿಕ್ಕಿಕೊಂಡ ಸೊಳ್ಳೆಯೊಂದು "ಪ್ರಯಾಣಿಕರ ಗಮನಕ್ಕೆ" ಎನ್ನುತ್ತಿತ್ತು. ಮಾವನವರ ಮುಖ ಸಪ್ಪಗಾಯಿತು.

"ನನ್ನ ದನಿ ಆಗ್ಲೂ ಹೀಗೇ ಇತ್ತೇನೇ?" ಎಂದು ಅತ್ತೆಯನ್ನು ಪಿಸುದನಿಯಲ್ಲಿ ಕೇಳಿದರು.

"ಎಲ್ಲಾದ್ರೂ ಉಂಟೇ! ನೀವು ಮಾತಾಡಿದ್ರೆ ಪಾತ್ರೆಗಳು ಅಲುಗಾಡ್ತಿದ್ವು," ಎಂದರು ಅತ್ತೆ. ಆದರೆ ಮಾವ ನಂಬಿದಂತೆ ಕಾಣಲಿಲ್ಲ. ಕೈಯನ್ನು ಮೆಲ್ಲಗೆ ಗಂಟಲ ಮೇಲಿಟ್ಟುಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಟೇಪ್ ಹಳೇದಾಗಿದೆ ಅನ್ಸುತ್ತೆ," ಎಂದು ತೊದಲಿದೆ.

ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಅವಳು ಸ್ಪೀಕರ್‌ಗಳ ಮುಂದಿನ ಬಟ್ಟೆ ತೆಗೆದು, ವೈರುಗಳನ್ನು ಬಿಡಿಸಿದಳು. ಗೋಡೆ ಗಡಿಯಾರದ ಸೆಲ್ ಕಿತ್ತು ತಂದು ಒಂದೊಂದು ಪೆಟ್ಟಿಗೆಗೂ ಒಂದೇ ರೀತಿ ಮುಟ್ಟಿಸಿದಳು. ಒಂದರ ಬಟ್ಟಲು ಟಪ್ ಎಂದು ಮುಂದೆ ಹಾರಿತು. ಇನ್ನೊಂದರದು ಹಿಂದೆ ಸರಿಯಿತು!

"ನೋಡಿದ್ರಾ? ಒಂದು ಮುಂದಕ್ಕೆ ಅಂದ್ರೆ ಇನ್ನೊಂದು ಹಿಂದಕ್ಕೆ ಅಂತಿದೆ, ಥೇಟ್ ನಮ್ಮಿಬ್ಬರ ಹಾಗೆ. ಒಂದು ಹೇಳಿದ್ದನ್ನ ಇನ್ನೊಂದು ಅಳಿಸಿಹಾಕ್ತಿದೆ. ಒಂದು ಪೆಟ್ಟಿಗೇಲಿ ವೈರು ಅದಲುಬದಲು ಮಾಡಿದ್ದೀರಿ."

"ಇದೆಲ್ಲಾ ನಿನಗೆ ಹೇಗೆ ಗೊತ್ತು?"

"ಮೇಜಿಗೆ ಅಂಟಿದ್ದ ಸೂಚನಾಪತ್ರಾನ ಕೆರೆದು ತೆಗೆದೋಳು ಯಾರು? ಕೆರೀತಾ ಕೆರೀತಾ ಓದ್ಬಿಟ್ಟೆ!"

ಒಂದು ಪೆಟ್ಟಿಗೆಯ ಎರಡು ವೈರುಗಳನ್ನು ತಿರುಗಿಸಿ ಸಿಕ್ಕಿಸಿದಳು. ನನ್ನ ಒಂದು ವಾರದ ತಪಸ್ಸಿಗೆ ಅವಳ ಅರ್ಧ ನಿಮಿಷ! ಮತ್ತೆ ಗುಂಡಿ ಒತ್ತಿದಳು.

"ಪ್ರಯಾಣಿಕರ ಗಮನಕ್ಕೆ!"

ಕಿಟಕಿಯ ಗಾಜು ಝಲ್ಲೆಂದಿತು. "ಸ್ವಲ್ಪ ಮೆಲ್ಲಗೆ ಮಾತಾಡಬಾರ್ದೇ!" ಎಂದು ಅತ್ತೆ ಕಿವಿ ಮುಚ್ಚಿಕೊಂಡು ನಗತೊಡಗಿದರು. ಮಾವನವರ ಬೆನ್ನು ನೆಟ್ಟಗಾಯಿತು, ಕಣ್ಣು ತುಂಬಿ ಬಂತು, ತುಟಿಗಳು ಒಂದೊಂದು ಪದಕ್ಕೂ ಜೊತೆಗೂಡಿದವು. ಸುಳ್ಳೇಕೆ ಹೇಳಲಿ, ನಾನೂ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ.

ಆದರೆ ಬೆರಳು ಅಂಟಿಸಿಕೊಂಡವನು ನಾನಲ್ಲವೇ? ಸ್ವಲ್ಪವಾದರೂ ಕೀರ್ತಿ ಬೇಡವೇ? ಮೆಲ್ಲಗೆ ಹೋಗಿ ಮಾವನವರ ಮುಂದೆ ಎದೆಯುಬ್ಬಿಸಿ ನಿಂತೆ. ಅವರು ಬೆರಳಾಡಿಸಿ ಹತ್ತಿರ ಕರೆದರು. "ಅಯ್ಯೋ ಬಿಡಿ ಮಾವ, ಇದೇನು ಮಹಾ" ಎಂಬ ಉತ್ತರವನ್ನು ನಾಲಿಗೆಯ ತುದಿಯಲ್ಲಿ ಸಿದ್ಧಪಡಿಸಿಕೊಂಡು, ಬಗ್ಗಿ ಕಿವಿಗೊಟ್ಟೆ.

ಮಾವನವರು ಪಿಸುಗುಟ್ಟಿದರು: "ಅಳಿಯಂದ್ರೇ, ಒಂಚೂರು ಪಕ್ಕಕ್ಕೆ ಸರೀರಿ. ನೀವು ಅಡ್ಡ ನಿಂತಿರೋದಕ್ಕೆ ನನ್ನ ದನಿ ನನಗೇ ಕೇಳಿಸ್ತಿಲ್ಲ!"