ಚಂದ್ರವ್ವನ ಫಟಫಟಿ

ನಾಚಿಕೆಯಲ್ಲೂ ತರತಮವಿದೆ. ನಾಲ್ಕು ಜನರ ಮುಂದೆ ಧೋತರದ ಕಚ್ಚೆ ಬಿಚ್ಚಿಹೋದರೆ ಆಗುವ ನಾಚಿಕೆ ಸಂಜೆಯೊಳಗೆ ಆರಿಬಿಡುತ್ತದೆ. ಮೇಲಧಿಕಾರಿಯ ಎದುರಿಗೆ ಆಕಳಿಸಿದ ನಾಚಿಕೆ ಅವರಿಗೆ ಬೇರೆ ಊರಿಗೆ ವರ್ಗವಾಗುವವರೆಗೆ ಇರುತ್ತದೆ. ಹೆಂಡತಿಯ ತವರಿನವರ ಮುಂದೆ ಆದ ನಾಚಿಕೆಗೆ ಮಾತ್ರ ವರ್ಗಾವಣೆಯೂ ಇಲ್ಲ, ನಿವೃತ್ತಿಯೂ ಇಲ್ಲ. ನನ್ನದು ಅದಕ್ಕೂ ಒಂದು ಕೈ ಮೇಲು. ಮಾನ ಮರ್ಯಾದೆ ಇಲ್ಲದವರನ್ನು ನಾವು ಎಮ್ಮೆ ಚರ್ಮದವರು ಎಂದು ಬಯ್ಯುತ್ತೇವಲ್ಲ, ಆ ಎಮ್ಮೆಯ ಮುಂದೆಯೇ ನಾಚಿ ನೀರಾದವನು ನಾನು. ಅದರ ಹೆಸರು ಚಂದ್ರವ್ವ. ತಿಕೋಟಾದಲ್ಲಿರುವ ನಮ್ಮ ಅತ್ತೆಯ ಎಮ್ಮೆ.

ನನ್ನ ಮದುವೆಯಾದದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ನಾನು ವಿಜಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿ ಎಂದು ಹೇಳುವುದಿಲ್ಲ. ಕಾರಣ ಕೊನೆಗೆ ನಿಮಗೇ ತಿಳಿಯುತ್ತದೆ. ನಮ್ಮ ಕಡೆ ಮದುವೆಯಲ್ಲಿ ಭೂಮದ ಊಟ ಎಂದು ಒಂದಿದೆ. ಮದುಮಕ್ಕಳನ್ನು ದೊಡ್ಡ ಎಡೆಯ ಮುಂದೆ ಕೂರಿಸುತ್ತಾರೆ. ಆಗ ಮದುಮಗ ಮುನಿಸಿಕೊಳ್ಳಬೇಕು. ಹೋಳಿಗೆಗೆ ಕೈ ಹಚ್ಚದೆ ಮುಖ ಊದಿಸಿ ಕೂಡಬೇಕು. ಹೆಣ್ಣಿನ ಕಡೆಯವರು ಬಂದು ರಮಿಸಿ, ಏನು ಬೇಕು ಕೇಳ್ರಿ ಎನ್ನಬೇಕು. ಅವನು ಉಂಗುರವನ್ನೋ ಕೈಗಡಿಯಾರವನ್ನೋ ಕೇಳಿ, ಅವರು ಹೂಂ ಎಂದು, ಎಲ್ಲರೂ ನಕ್ಕು ಉಣ್ಣಬೇಕು. ನಾನು ಮುಖವನ್ನೇನೋ ಚೆನ್ನಾಗಿಯೇ ಊದಿಸಿದೆ. ಆದರೆ ಹಸಿವಿನಲ್ಲಿ ಏನು ಕೇಳಬೇಕೆಂಬುದೇ ಮರೆತುಹೋಯಿತು. ಹಿಂದೆ ಕೂತಿದ್ದ ನಮ್ಮ ಕಾಕಾ ಕಿವಿಯಲ್ಲಿ ಊದಿದ: “ಉಂಗುರಾ ಕೇಳಬ್ಯಾಡಲೇ. ದನದ ಮನ್ಯಾಗ ಒಂದು ಫಟಫಟಿ ನಿಂತೈತಿ, ಅದನ್ನ ಕೇಳು.” ಮೋಟರ್‌ಸೈಕಲ್ಲಿಗೆ ನಮ್ಮಲ್ಲಿ ಫಟಫಟಿ ಎನ್ನುವುದು. ನಾನು ಗಂಟಲು ಸರಿಮಾಡಿಕೊಂಡು, “ಫಟಫಟಿ” ಎಂದೆ. ಹಂದರವೆಲ್ಲ ಘೊಳ್ಳೆಂದು ನಕ್ಕಿತು. ಮಾವ ಬಸಲಿಂಗಪ್ಪನವರು ಎಲ್ಲರಿಗಿಂತ ಜೋರಾಗಿ ನಕ್ಕು, “ಒಯ್ರಿ, ನಿಮ್ಮದs” ಎಂದುಬಿಟ್ಟರು. ನಗದೆ ಉಳಿದದ್ದು ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತಿದ್ದ ಅತ್ತೆ ಗಂಗವ್ವ ಒಬ್ಬರೇ. ಹಳೆಯ ಕಬ್ಬಿಣಕ್ಕೂ ಜೀವ ಬಿಡುವ ಹೆಂಗಸು ಎಂದುಕೊಂಡೆ.

ಆ ಗಾಡಿಗೊಂದು ಇತಿಹಾಸವಿತ್ತು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದನ್ನು ಮಾವ ಹಿಡಿದು ತಂದಿದ್ದರು. ರುಮಾಲು ಬಿಗಿದುಕೊಂಡು ಸಂತೆಗೆ ಹೋಗುತ್ತಿದ್ದರೆ ಹೊಲದಲ್ಲಿದ್ದವರು ಕುರಪಿ ಬಿಟ್ಟು ನೋಡುತ್ತಿದ್ದರಂತೆ. ಒಂದು ಸಲ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಬಬಲೇಶ್ವರದ ನೆಂಟರ ಮನೆಗೆ ಹೊರಟರು. ನೆಂಟರ ಮನೆ ಮುಟ್ಟಿ, ಕಟ್ಟೆಯ ಮೇಲೆ ಕೂತು ಚಹಾ ಕುಡಿದು, “ನಮ್ಮಾಕಿಗೂ ಒಂದು ಕಪ್ಪು ಕೊಡ್ರಿ” ಎಂದು ತಿರುಗಿ ನೋಡಿದಾಗಲೇ, ಆಕೆ ದಾರಿಯಲ್ಲೆಲ್ಲೋ ಬಿದ್ದುಹೋಗಿದ್ದಾಳೆ ಎಂದು ಗೊತ್ತಾದದ್ದು. ಅತ್ತೆ ಜೋಳದ ಹೊಲದ ಬದುವಿನಲ್ಲಿ ಕೂತಿದ್ದರಂತೆ. ಅಂದಿನಿಂದ ಫಟಫಟಿಗೆ ದನದ ಮನೆಯೇ ಗತಿಯಾಯಿತು. ಮೇವು ಹಾಕುವ ಗೋದಲಿಯ ಪಕ್ಕ ನಿಲ್ಲಿಸಿ, ಅದರ ಗಾಲಿಗೆ ಎಮ್ಮೆಯ ಕರುವೊಂದನ್ನು ಕಟ್ಟಿದರು. ಕರು ಬೆಳೆದು ಚಂದ್ರವ್ವನಾಯಿತು. ಕಟ್ಟುವ ಜಾಗ ಬದಲಾಗಲಿಲ್ಲ. ಇದು ನನಗೆ ಆಗಲೇ ತಿಳಿದಿದ್ದರೆ ನಾನು ಉಂಗುರವನ್ನೇ ಕೇಳುತ್ತಿದ್ದೆ.

ಹೊಸ ಮದುಮಕ್ಕಳು ನಾವು ಬಸ್ಸಿನಲ್ಲಿ ವಿಜಾಪುರಕ್ಕೆ ಬಂದೆವು, ಫಟಫಟಿ ಎತ್ತಿನ ಗಾಡಿಯಲ್ಲಿ ಬಂತು. ಓಣಿಯ ಜನ ಅದನ್ನು ಇಳಿಸಿಕೊಳ್ಳಲು ಕೈ ಕೊಟ್ಟರು, ಬಾಯಿಯನ್ನೂ ಕೊಟ್ಟರು. “ಅಳಿಯಗ ಕೊಟ್ಟಾರೋ, ಅಳಿಯನ ಮ್ಯಾಲೆ ಒಗದಾರೋ?” ಎಂದರು ಪಕ್ಕದ ಮನೆಯವರು. ಆಗ ನಮ್ಮ ಓಣಿಯಲ್ಲಿ ಎಂಜಿನ್ನು ಬಲ್ಲವನೆಂದರೆ ಹಿಟ್ಟಿನ ಗಿರಣಿಯ ಮಲ್ಲೇಶಿ ಒಬ್ಬನೇ. ಅವನನ್ನು ಕರೆದೆ. ಅವನು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, “ಎಲ್ಲಾ ಎಂಜಿನ್ನೂ ಒಂದs ಜಾತಿ ರೀ. ಗಿರಣಿ ಕುಂತ ಬೀಸತೈತಿ, ಇದು ಓಡಕೋತ ಬೀಸತೈತಿ, ಅಷ್ಟ ಫರಕು” ಎಂದು ಬಿಚ್ಚತೊಡಗಿದ. ಬಿಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸೈಲೆನ್ಸರಿನೊಳಗಿಂದ ಇಲಿಗಳು ಕೂಡಿಟ್ಟ ಜೋಳ ಬೊಗಸೆಗಟ್ಟಲೆ ಸುರಿಯಿತು. ನನ್ನ ಹೆಂಡತಿ ಶಾಂತಾ ಅದರಲ್ಲಿ ಒಂದು ಕಾಳು ಹಿಡಿದು ನೋಡಿ, “ನಮ್ಮ ಹೊಲದ್ದs ಐತಿ” ಎಂದು ಕಣ್ಣು ತುಂಬಿಕೊಂಡಳು. ತವರಿನಿಂದ ಫಟಫಟಿಯೊಳಗೆ ಜೋಳ ತಂದ ಸೊಸೆ ಎಂದು ನಮ್ಮವ್ವ ನಾಲ್ಕು ಮನೆಗೆ ಸಾರಿದಳು.

ಜೋಡಿಸುವುದಕ್ಕೆ ಎರಡು ತಿಂಗಳು ಹಿಡಿಯಿತು. ದಿನಾ ಸಂಜೆ ಮಲ್ಲೇಶಿ ಮೈಯೆಲ್ಲ ಹಿಟ್ಟು ಬಳಿದುಕೊಂಡು ಬರುವನು, ನಾನು ಕಂದೀಲು ಹಿಡಿದು ನಿಲ್ಲುವೆನು. ಎಲ್ಲ ಜೋಡಿಸಿಯಾದ ಮೇಲೆ ಒಂದು ತಿರುಗಣಿ ಉಳಿಯುವುದು, ಮತ್ತೆ ಬಿಚ್ಚುವೆವು. ಆಗ ಎರಡು ಉಳಿಯುವವು. ನಾನು ಒದೆಯುವ ಕೆಲಸ ವಹಿಸಿಕೊಂಡಿದ್ದೆ. ನಾನು ಒದ್ದಷ್ಟೂ ಅದು ನನ್ನನ್ನು ತಿರುಗಿ ಒದೆಯುತ್ತಿತ್ತು. ಕಚೇರಿಗೆ ಕುಂಟುತ್ತ ಹೋದರೆ ಸಹೋದ್ಯೋಗಿಗಳು ಹೊಸ ಹೆಂಡತಿಯ ಬಗ್ಗೆ ಏನೇನೋ ಕೇಳುತ್ತಿದ್ದರು. ಓಡಲಿ ಬಿಡಲಿ, ನೋಡುವುದಕ್ಕಾದರೂ ಚೆಂದ ಇರಲೆಂದು ಮಲ್ಲೇಶಿ ಅದಕ್ಕೆ ಬಾಗಿಲಿಗೆ ಬಳಿಯುವ ಹಸಿರು ಬಣ್ಣ ಬಳಿದ. ಹರಿದ ಹಳೆಯ ಚರ್ಮದ ಸೀಟು ಕಿತ್ತು ಒಲೆಗೆ ಹಾಕಿ, ಹೊಸ ರೆಕ್ಸಿನ್ನಿನ ಸೀಟು ಕೂರಿಸಿದ.

ಇದರ ನಡುವೆ ಮನೆಯಲ್ಲಿ ತುಪ್ಪ ನಿಂತುಹೋಯಿತು. ಮದುವೆಯಾದ ಮೊದಲ ವಾರ ಅತ್ತೆ ಬಸ್ಸಿನಲ್ಲಿ ಒಂದು ಡಬ್ಬಿ ತುಪ್ಪ ಕಳಿಸಿದ್ದರು; ಆಮೇಲೆ ಇಲ್ಲ. ನಾನು ತಿಕೋಟಾ ಬಸ್ಸಿನ ಕಂಡಕ್ಟರ್ ನಿಂಗಪ್ಪನನ್ನು ಕೇಳಿದೆ. ಅವನು ಬಸ್ಸಿನ ತುಂಬ ಜನರಿದ್ದಾಗಲೇ ಗಂಟಲು ತೆರೆದ: “ತುಪ್ಪ ಎಲ್ಲಿಂದ ಬರ್ಬೇಕ್ರಿ ಸಾಹೇಬ್ರ? ನೀವು ಫಟಫಟಿ ಒಯ್ದ ದಿನದಿಂದ ನಿಮ್ಮತ್ತಿ ಎಮ್ಮಿ ತೊರಿ ಬಿಡವಲ್ದು!” ತೊರೆ ಬಿಡುವುದೆಂದರೆ ಕೆಚ್ಚಲಿಗೆ ಹಾಲಿಳಿಸುವುದು. ಚಂದ್ರವ್ವ ಹುಟ್ಟಿದಾಗಿನಿಂದ ಫಟಫಟಿಯ ಪಕ್ಕದಲ್ಲೇ ನಿಂತವಳು. ಅದು ಕಾಣದೆ ಹಾಲನ್ನು ಮೇಲಕ್ಕೆಳೆದುಕೊಂಡು ಒದೆಯುತ್ತಾಳಂತೆ. ಅತ್ತೆಯ ಮನೆಯಲ್ಲಿ ಮಜ್ಜಿಗೆ ಮಾರುವ ಪದ್ಧತಿ ಇರಲಿಲ್ಲ. ಬೆಳಗಾದರೆ ಓಣಿಯ ಹೆಂಗಸರು ತಂಬಿಗೆ ಹಿಡಿದು ಬರುವರು, ಅತ್ತೆ ತುಂಬಿಸಿ ಕಳಿಸುವರು. ಆ ಓಣಿಯಲ್ಲಿ ಅವರ ದೊಡ್ಡಸ್ತಿಕೆ ಇದ್ದದ್ದೇ ಆ ಮಜ್ಜಿಗೆಯಲ್ಲಿ. ಈಗ ಖಾಲಿ ತಂಬಿಗೆ ಹಿಡಿದು ಹಿಂತಿರುಗುವವರೆಲ್ಲ, “ಎಮ್ಮಿಗೇನಾತ ಬೇ?” ಎಂದು ಕೇಳುವುದು, ಅತ್ತೆ, “ಅಳಿಯಾ ಫಟಫಟಿ ಒಯ್ದಾರ” ಎನ್ನುವುದು. ಒಂದು ಓಣಿಗೆ ಓಣಿಯೇ ನನ್ನ ಹೆಸರು ಹೇಳಿಕೊಂಡು ಒಣ ರೊಟ್ಟಿ ತಿನ್ನುತ್ತಿತ್ತು.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ಮದುವೆಯಾದ ಮೇಲಿನ ಮೊದಲ ಪಂಚಮಿಗೆ ಮಗಳು ತವರಿಗೆ ಹೋಗದಿದ್ದರೆ ತವರಿನವರು ಸತ್ತರೋ ಬದುಕಿದರೋ ಎಂದು ಜನ ಕೇಳುತ್ತಾರೆ. ಶಾಂತಾ ಜೋಕಾಲಿಯ ಮಾತನ್ನೂ ಆಡಲಿಲ್ಲ, ಉಂಡಿಯ ಮಾತನ್ನೂ ಆಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ, “ನಾಗಪ್ಪಗ ಹಾಲೆರಿಯೋ ಹಬ್ಬ. ಎಮ್ಮಿ ಇದ್ದ ಮನ್ಯಾಗ ನಮ್ಮವ್ವ ಮಂದಿ ಹತ್ರ ಹಾಲು ಬೇಡಬೇಕೇನು? ಆ ಫಟಫಟಿ ಅದರ ಜಾಗಾದಾಗ ನಿಲ್ಲೂತನಕ ನಾ ಆ ಓಣ್ಯಾಗ ಕಾಲಿಡೂದಿಲ್ಲ” ಎಂದಳು. ಭೂಮದ ಊಟದಲ್ಲಿ ನಾನು ಮುನಿದದ್ದು ಶಾಸ್ತ್ರಕ್ಕೆ. ಅವಳದು ನಿಜವಾದ ಮುನಿಸು. ನನಗೆ ನಿಜವಾಗಿಯೂ ಅಳು ಬಂತು. ಎತ್ತಿನ ಗಾಡಿಯಲ್ಲಿ ಬಂದದ್ದನ್ನು ಎತ್ತಿನ ಗಾಡಿಯಲ್ಲೇ ತಿರುಗಿ ಒಯ್ದರೆ ಎರಡೂ ಊರು ನಕ್ಕಾವು. ಮಲ್ಲೇಶಿಯ ಕಾಲು ಹಿಡಿಯುವುದೊಂದು ಬಾಕಿ. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅವನು ಏನು ಮಾಡಿದನೋ, ನಾನು ಎಲ್ಲಿ ಒದ್ದೆನೋ, ಫಟಫಟಿ ಒಮ್ಮೆ ಕೆಮ್ಮಿ, ಕರಿ ಹೊಗೆ ಉಗುಳಿ, ಫಟಫಟ ಎಂದಿತು. ಮಲ್ಲೇಶಿ, “ಆರಿಸಬ್ಯಾಡ್ರಿ, ಹಂಗs ಹೋಗ್ರಿ!” ಎಂದು ಕೂಗಿದ. ಶಾಂತಾ ಉಂಡಿಯ ಗಂಟು ಹಿಡಿದು ಹತ್ತಿದಳು. ನಾನು ಮದುವೆಯ ಬಿಳಿ ಪಾಪ್ಲಿನ್ ಅಂಗಿ ತೊಟ್ಟಿದ್ದೆ.

ದಾರಿಯ ತೊರವಿ ಊರು ದಾಟುವಾಗ ನನ್ನಂಥ ಗಂಡಸು ಭೂಮಿಯ ಮೇಲಿರಲಿಲ್ಲ. ಮಾವನ ಕತೆ ನೆನಪಿದ್ದುದರಿಂದ ಆಗಾಗ, “ಅದೀ ಏನು?” ಎಂದು ಕೇಳುತ್ತಿದ್ದೆ, ಅವಳು, “ಅದೀನ್ರಿ” ಎನ್ನುತ್ತಿದ್ದಳು. ತಿಕೋಟಾ ಇನ್ನೇನು ಕಣ್ಣಿಗೆ ಬಿತ್ತು ಎನ್ನುವಾಗ ಫಟಫಟಿ ಮತ್ತೊಮ್ಮೆ ಕೆಮ್ಮಿ ಸುಮ್ಮನಾಯಿತು. ಒದ್ದೆ, ಬೈದೆ, ಕೈ ಮುಗಿದೆ. ಕೊನೆಗೆ ನೂಕಿದೆ. ಮಳೆ ಇಲ್ಲದ ಶ್ರಾವಣದ ಬಿಸಿಲು, ಮಿಲಿಟರಿಯ ಕಬ್ಬಿಣ, ಗುಮಾಸ್ತನ ಮೈ. ಅಂಗಿ ಹಿಂಡಿದರೆ ಸುರಿಯುವಷ್ಟು ಬೆವೆತೆ. ಶಾಂತಾ ನನಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಬಹಳ ಮುಂದೆ ನಡೆಯುತ್ತಿದ್ದಳು. ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದು ನಿಂತರು. “ಒಯ್ಯುವಾಗ ಎತ್ತು ಎಳದಿದ್ವು, ತರುವಾಗ ಅಳಿಯಾನs ಎಳದಾನ” ಎಂದಳೊಬ್ಬಳು. ನಾನು ತಲೆ ಎತ್ತಲಿಲ್ಲ.

ದನದ ಮನೆಯಲ್ಲಿ ಗೋದಲಿಯ ಪಕ್ಕ ಅದೇ ಜಾಗದಲ್ಲಿ ನಿಲ್ಲಿಸಿದೆವು. ಮಾವ ಚಂದ್ರವ್ವನನ್ನು ಗಾಲಿಗೆ ಕಟ್ಟಿದರು. ಚಂದ್ರವ್ವ ಹಸಿರು ಬಣ್ಣ ಮೂಸಿದಳು, ರೆಕ್ಸಿನ್ನಿಗೆ ಮೂಗು ತಾಗಿಸಿದಳು, ಫೂತ್ ಎಂದು ಸೀನಿ, ಹಾಲು ಹಿಂಡಲು ಇಟ್ಟ ಚರಗಿಯನ್ನು ಗೋಡೆಗೆ ಹೋಗುವಂತೆ ಒದ್ದಳು. “ಅಕಿ ಗುರ್ತಾ ಹಿಡೀವಲ್ಲಳು. ಸೆಗಣಿ ಹಚ್ಚ್ರಿ” ಎಂದಿತು ಬಾಗಿಲಲ್ಲಿ ಕೂಡಿದ್ದ ಓಣಿ. ಎರಡು ತಿಂಗಳು ಉಜ್ಜಿ ಉಜ್ಜಿ ಹೊಳಪು ಬರಿಸಿದ ಗಾಡಿಗೆ ನನ್ನ ಕೈಯಿಂದಲೇ ಸೆಗಣಿ ಬಳಿದೆ. ಆದರೂ ಆಕೆ ಒಪ್ಪಲಿಲ್ಲ. ಅತ್ತೆ ಬಾಗಿಲ ಮರೆಯಿಂದ ಮಗಳಿಗೆ ಹೇಳಿದರು, ನನಗೆ ಕೇಳಿಸುವಂತೆ: “ಹಾಲು ಹಿಂಡುವಾಗ ಅಕಿ ಆ ಹಳೀ ಸೀಟು ನೆಕ್ಕತಿದ್ಲು. ಬೆವರು ಕುಡದ ಚರ್ಮ, ಉಪ್ಪುಪ್ಪು ಇತ್ತು. ಅದು ಎಲ್ಲೈತಿ ಕೇಳು.” ಅದು ಮಲ್ಲೇಶಿಯ ಒಲೆಯಲ್ಲಿ ಬೂದಿಯಾಗಿತ್ತು.  ಭೂಮಿ ಬಾಯಿ ಬಿಡಬಾರದೇ ಎಂದು ಗಾಲಿಯ ಬಳಿ ಬಗ್ಗಿ ಕೂತೆ.

ಆಗ ನನ್ನ ಬೆನ್ನ ಮೇಲೆ ಈಳಿಗೆಯಿಂದ ಕೊಬ್ಬರಿ ತುರಿದ ಹಾಗಾಯಿತು. ಚಂದ್ರವ್ವ ಅಂಗಿಯ ಮೇಲಿಂದ ನನ್ನನ್ನು ನೆಕ್ಕುತ್ತಿದ್ದಳು. ಸೊಂಟದಿಂದ ಕುತ್ತಿಗೆಯವರೆಗೆ, ಮತ್ತೆ ಸೊಂಟದಿಂದ ಕುತ್ತಿಗೆಯವರೆಗೆ. ನಾನು ಹೌಹಾರಿ ಏಳಹೋದೆ. ಮದುವೆಯಾದಾಗಿನಿಂದ ಅಳಿಯನ ಎದುರಿಗೆ ಬಂದಿರದ, ಒಂದು ಮಾತನ್ನೂ ನೇರವಾಗಿ ಆಡಿರದ ಅತ್ತೆ ಸೆರಗು ಜಾರಿದ್ದೂ ಲೆಕ್ಕಿಸದೆ ಚರಗಿ ಹಿಡಿದು ಓಡಿ ಬಂದು, “ಅಳ್ಳಾಡಬ್ಯಾಡ್ರಿ!” ಎಂದು ಗದರಿದರು. ನಾನು ಕಲ್ಲಾದೆ. ಚೊರ್ ಚೊರ್ ಎಂದು ಚರಗಿಯಲ್ಲಿ ಹಾಲು ಬೀಳುವ ಸದ್ದು ಕೇಳಿತು. ಅತ್ತೆ ಎಮ್ಮೆಯ ಪಕ್ಕೆಗೆ ಹಣೆಯೂರಿ ಹಿಂಡುತ್ತ ಅಳುತ್ತಿದ್ದರು. ಓಣಿಯ ಹೆಂಗಸರು ನಕ್ಕು ನಕ್ಕು ಗೋಡೆ ಹಿಡಿದಿದ್ದರು. ಮಾರನೆಯ ದಿನ ನಾಗಪ್ಪನಿಗೆ ಮನೆಯ ಹಾಲನ್ನೇ ಎರೆದರು, ಶಾಂತಾ ಜೋಕಾಲಿ ಜೀಕಿದಳು. ನಾನು ಎರಡು ಹೊತ್ತೂ ದನದ ಮನೆಯಲ್ಲಿ ಅಳ್ಳಾಡದೆ ಕೂತೆ.

ಹಬ್ಬ ಮುಗಿದು ಹೊರಡುವ ದಿನ ಅತ್ತೆ ಮತ್ತೆ ಬಾಗಿಲ ಮರೆಗೆ ಸರಿದಿದ್ದರು. “ಫಟಫಟಿ ಇಲ್ಲೇ ಇರಲಿ ಅನ್ನು. ಅಂಗೀನೂ ಬಿಟ್ಟು ಹೋಗ್ರಿ ಅಂತ ಹೇಳು” ಎಂದರು ಮಗಳಿಗೆ. ಸೀಟಿನ ಮೇಲೆ ನನ್ನ ಮದುವೆಯ ಅಂಗಿ ಬಿಗಿದು ಕಟ್ಟಿದೆವು. ಮಾವನ ದೊಗಳೆ ಜುಬ್ಬಾ ತೊಟ್ಟು ನಾನು ಬಸ್ಸು ಹತ್ತಿದೆ. ಎರಡು ತಿಂಗಳು ಹೆಣಗಿ ನಾನು ಆ ಗಾಡಿಯನ್ನು ಓಡಿಸಿದ್ದು ಒಂದೇ ಸಲ, ಅದೂ ಅದು ಮೊದಲಿದ್ದ ಜಾಗಕ್ಕೆ.

ಅಂಗಿಯ ಉಪ್ಪು ಎಷ್ಟು ದಿನ ಬಂದೀತು? ಮುಂದೆ ವಾರಕ್ಕೊಮ್ಮೆ ನಾನು ತೊಟ್ಟು ಬಿಟ್ಟ, ಒಗೆಯದ ಅಂಗಿಯೊಂದು ನಿಂಗಪ್ಪನ ಬಸ್ಸಿನಲ್ಲಿ ತಿಕೋಟಾಕ್ಕೆ ಹೋಗುವುದು, ತುಪ್ಪದ ಡಬ್ಬಿ ಬರುವುದು ಎಂದು ಏರ್ಪಾಡಾಯಿತು. ಮೊದಲ ಅಂಗಿ ಹೋಗಿ ವಾರವಾದ ಮೇಲೆ ನಿಂಗಪ್ಪ ಬಂದ. ಕೈಯಲ್ಲಿ ಅಂಗಿ ಇತ್ತು, ಡಬ್ಬಿ ಇರಲಿಲ್ಲ. ನಮ್ಮ ಸಾಹೇಬರೂ ಸಹೋದ್ಯೋಗಿಗಳೂ ನಿಂತಿದ್ದ ಕಚೇರಿಯ ಬಾಗಿಲಲ್ಲೇ ಹೇಳಿದ: “ಎಮ್ಮಿ ಈ ಅಂಗಿ ಮೂಸಿ ಬಿಟ್ಟೈತ್ರಿ. ಇದರಾಗ ಬೆವರ ಇಲ್ಲಂತ. ‘ಅಳಿಯಾ ಕಚೇರ್‍ಯಾಗ ಏನ ಕೆಲಸಾ ಮಾಡ್ತಾರ, ಕೇಳಿಕೊಂಡು ಬಾ’ ಅಂದಾರ ನಿಮ್ಮತ್ತಿ.”

ಸಾಹೇಬರು ನನ್ನ ಕಡೆ ನೋಡಿದರು. ನಾನು ಅಂಗಿಯ ಕಡೆ ನೋಡಿದೆ. ಇಸ್ತ್ರಿಯ ಗೆರೆ ಕೂಡ ಮುರಿದಿರಲಿಲ್ಲ. ಮನೆಗೆ ತಂದು ಶಾಂತಾಳ ಮುಂದಿಟ್ಟು ತಲೆ ತಗ್ಗಿಸಿ ನಿಂತೆ. ಅವಳು ಒಳಗೆ ಹೋಗಿ ಬೋಗುಣಿಯಲ್ಲಿ ನೀರು ತಂದು, ಒಂದು ಹಿಡಿ ಉಪ್ಪು ಕದಡಿ, ಅಂಗಿಯನ್ನು ಅದ್ದಿ ಹಿಂಡುತ್ತ, “ತವರಾಗ ನಿಮ್ಮ ಮಾನಾ ನಾನs ಕಾಯಬೇಕಲ್ಲ” ಎಂದಳು. ಮುಂದಿನ ವಾರ ತುಪ್ಪ ಬಂತು. ಜೊತೆಗೆ ಅತ್ತೆಯ ಮಾತೂ ಬಂತು: ಅಳಿಯ ಬಹಳ ದುಡಿಯುತ್ತಿರುವಂತೆ ಕಾಣುತ್ತದೆ, ಮೈ ನೋಡಿಕೊಳ್ಳಲು ಹೇಳು, ತುಪ್ಪ ಎರಡು ಚಮಚ ಹೆಚ್ಚು ಬಡಿಸು. ಶಾಂತಾ ಹಾಗೆಯೇ ಬಡಿಸಿದಳು, ನಾನು ತಲೆ ಎತ್ತದೆ ಉಂಡೆ.