ಕುಳ್ಳು ಕಾರಿನ ಕುಲುಕಾಟ

ನನ್ನನ್ನು ಹೆದರಿಸುವ ಪ್ರಾಣಿ ಇಲ್ಲ. ಇದು ಜಂಬದ ಮಾತಲ್ಲ, ನನ್ನ ವೃತ್ತಿಯೇ ಅಂಥದ್ದು. ಒದೆಯುವ ಎಮ್ಮೆ, ಹಾಯುವ ಹೋರಿ, ಸಾಕಿದವನನ್ನೇ ಕಚ್ಚುವ ನಾಯಿ, ಇವುಗಳ ನಡುವೆ ಪಶುವೈದ್ಯನಾಗಿ ಅರ್ಧ ಆಯುಷ್ಯ ಕಳೆದವನು ನಾನು. ಆದರೆ ಕಾಲಿಲ್ಲದ, ಬಾಲವಿಲ್ಲದ, ಉಸಿರೂ ಇಲ್ಲದ ಒಂದು ಹಳೆಯ ಕಾರು ನನ್ನನ್ನು ಬೆಚ್ಚಿಬೀಳಿಸಿದಷ್ಟು ಸಲ ಇವುಗಳಲ್ಲಿ ಯಾವುದೂ ಬೀಳಿಸಲಿಲ್ಲ. ಬೆಚ್ಚುವುದೆಂದರೆ ಎದೆ ಧಸಕ್ಕೆನ್ನುವುದು ಮಾತ್ರ ಎಂದು ತಿಳಿದಿದ್ದೆ. ತಲೆ ಹೋಗಿ ಕಾರಿನ ಚಾವಣಿಗೆ ಬಡಿಯುವುದೂ ಅದರಲ್ಲಿ ಸೇರುತ್ತದೆ ಎಂದು ಆಮೇಲೆ ತಿಳಿಯಿತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಆಗ ಮಳವಳ್ಳಿಯಲ್ಲಿದ್ದೆ. ಮದ್ದೂರಿನ ಆಚೆ ಕೊಪ್ಪದಲ್ಲಿ ಸಿದ್ದೇಗೌಡರೆಂಬ ಕಬ್ಬಿನ ರೈತರಿದ್ದರು. ಅವರ ಎಮ್ಮೆಗೆ ಕರು ಅಡ್ಡ ಸಿಕ್ಕಿಕೊಂಡಿದೆ ಎಂದು ಪರಿಚಯದವರು ಕೈಹಿಡಿದು ಕರೆದುಕೊಂಡು ಹೋದರು. ಕರು ಹೊರಬಂತು, ಎಮ್ಮೆ ಉಳಿಯಿತು. ಕೈ ತೊಳೆಯಲು ಕೊಟ್ಟಿಗೆಯ ಮೂಲೆಗೆ ಹೋದರೆ ಅಲ್ಲಿ ಹುಲ್ಲಿನ ಹೊರೆಗಳ ಪಕ್ಕದಲ್ಲಿ ಒಂದು ಹಳೆಯ ವಿಲಾಯತಿ ಕಾರು. ನೋಡಿದ ತಕ್ಷಣ ಮನಸ್ಸು ಕರಗಿತು. ಕಾರಣ ಹೇಳಿದರೆ ನಗಬೇಡಿ. ನಮ್ಮ ಮಳವಳ್ಳಿ ಸೀಮೆಯ ಬಂಡೂರು ಕುರಿಯನ್ನು ನೀವು ನೋಡಿರಬಹುದು, ಕುಳ್ಳು ಕಾಲು, ಅಗಲ ಬೆನ್ನು, ನೆಲಕ್ಕೆ ಹತ್ತಿದಂಥ ಹೊಟ್ಟೆ. ಈ ಕಾರು ಥೇಟ್ ಹಾಗೆಯೇ ಇತ್ತು. ಅದರ ಅಡಿಯಲ್ಲಿ ಒಂದು ಕೋಳಿ ನುಸುಳಬೇಕಾದರೂ ತಲೆ ತಗ್ಗಿಸಬೇಕಿತ್ತು. ಒಳ್ಳೆಯ ತಳಿಯ ಲಕ್ಷಣ ಎಂದುಕೊಂಡೆ. ಕುರಿಯಲ್ಲಿ ಒಳ್ಳೆಯದಾದದ್ದು ಕಾರಿನಲ್ಲಿಯೂ ಒಳ್ಳೆಯದೇ ಇರಬೇಕು ಎಂಬುದು ನನ್ನ ತರ್ಕ.

ನನ್ನ ಕಣ್ಣು ಎಲ್ಲಿ ನೆಟ್ಟಿದೆ ಎಂಬುದನ್ನು ಸಿದ್ದೇಗೌಡರು ನೋಡಿದರು. "ಬೇಕಾದ್ರೆ ತಕಂಡೋಗಿ ಡಾಕ್ಟ್ರೇ. ನಮ್ಗಿನ್ನು ಬ್ಯಾಡ. ನಮ್ಮವ್ವನ ಸಲುವಾಗಿ ಮಡೀಕಂಡಿದ್ದೆ. ಅದೆಲ್ಲಾ ಮುಗೀತಲ್ಲ" ಅಂದರು.

ಅಯ್ಯೋ ಪಾಪ, ತಾಯಿ ತೀರಿಕೊಂಡಿದ್ದಾರೆ ಎಂದು ನಾನು ಮುಖ ಸಪ್ಪಗೆ ಮಾಡಿ, ಎಷ್ಟು ದಿನವಾಯಿತು ಎಂದು ಕೇಳಿದೆ. "ಮೂರು ತಿಂಗ್ಳಾಯ್ತು" ಅಂದರು. ದೇವರು ಶಾಂತಿ ಕೊಡಲಿ ಎಂದು ಅವರ ಭುಜ ತಟ್ಟಿದೆ. ಅವರು ನನ್ನನ್ನು ಒಂದು ಥರಾ ನೋಡಿದರು. ದುಃಖದಲ್ಲಿರುವವರು ಹಾಗೆಯೇ ನೋಡುವುದು ಎಂದುಕೊಂಡು, ಅವರು ಹೇಳಿದ ಬೆಲೆಗೇ ಕಾರು ಕೊಂಡೆ.

ಮೊದಲ ಪ್ರಯಾಣದಲ್ಲಿ ಮದ್ದೂರು ಮುಟ್ಟುವ ಹೊತ್ತಿಗೆ ನಾನು ನಾಲಿಗೆಯನ್ನು ಎರಡು ಸಲ ಕಚ್ಚಿಕೊಂಡಿದ್ದೆ. ಅಲ್ಲಿಂದ ಮಳವಳ್ಳಿಯ ದಾರಿಯಲ್ಲಿ ಕಬ್ಬಿನ ಗಾಡಿಗಳು ಕೊರೆದಿದ್ದ ಒಂದೊಂದು ಹಳ್ಳವೂ ಚಕ್ರದಿಂದ ನೇರವಾಗಿ ನನ್ನ ಬೆನ್ನುಹುರಿಗೇ ಬರುತ್ತಿತ್ತು, ನಡುವೆ ಎಲ್ಲಿಯೂ ತಂಗುತ್ತಿರಲಿಲ್ಲ. ಕನ್ನಡಕ ಮೂಗಿನಿಂದ ಹಾರಿ ತೊಡೆಯ ಮೇಲೆ ಬಿತ್ತು. ಹಿಂದಿನಿಂದ ಯಾವುದೋ ಕಬ್ಬಿಣ ಘಲ್ ಘಲ್ ಎನ್ನುತ್ತಿತ್ತು. ವಿಲಾಯತಿ ಕಾರಿನಲ್ಲಿ ಇದೆಲ್ಲ ಇರಬಹುದು ಎಂದು ಸಮಾಧಾನ ಹೇಳಿಕೊಂಡೆ. ಮನೆಯ ಮುಂದೆ ನಿಲ್ಲಿಸಿದಾಗ ನನ್ನ ಹೆಂಡತಿ ಕಮಲ ಹೊರಗೆ ಬಂದು ಅದನ್ನು ಸುತ್ತ ಒಂದು ಸಲ ನೋಡಿ, "ಇದೇನ್ರೀ, ಪಂಕ್ಚರ್ ಆಗಿದ್ಯಾ? ನಾಲ್ಕೂ ಚಕ್ರ?" ಅಂದಳು.

ಮಾರನೆಯ ದಿನ ಅವಳನ್ನು ಕೂರಿಸಿಕೊಂಡು ಹೊರಟೆ. ಊರು ದಾಟುವ ಮೊದಲೇ ಅವಳ ಮುಡಿಯಲ್ಲಿದ್ದ ಮಲ್ಲಿಗೆ ದಂಡೆ ಕಳಚಿ ನನ್ನ ಕೊರಳಿಗೆ ಬಿತ್ತು. "ಇನ್ನೊಂದು ಸಲ ಮದುವೆ ಆದಂಗಾಯ್ತು, ನಿಲ್ಸಿ" ಎಂದು ಇಳಿದು ನಡೆದೇ ಮನೆಗೆ ಹೋದಳು.

ಆಮೇಲೆ ನಾನು ಚಿಕಿತ್ಸೆ ಶುರುಮಾಡಿದೆ. ಮೊದಲು ಚಕ್ರಗಳ ಗಾಳಿ ಅರ್ಧಕ್ಕೆ ಇಳಿಸಿದೆ. ಕಾರು ಇನ್ನೂ ಕುಳ್ಳಾಗಿ, ರಸ್ತೆಯ ನಡುವಿನ ಕಲ್ಲೊಂದು ಹೊಗೆ ಕೊಳವೆಯನ್ನು ಕಿತ್ತುಕೊಂಡಿತು. ಭಾರ ಹೆಚ್ಚಾದರೆ ಕುಲುಕು ಕಡಿಮೆಯಾಗುತ್ತದೆ ಎಂದು ನಮ್ಮ ಕಾಂಪೌಂಡರ್ ಹೇಳಿದ್ದಕ್ಕೆ ಹಿಂದೆ ಎರಡು ಮೂಟೆ ಹಿಂಡಿ ತುಂಬಿದೆ. ಈಗ ಕುಲುಕಿನ ಜೊತೆಗೆ ಹಿಂಡಿಯ ದೂಳೂ ಸೇರಿಕೊಂಡಿತು. ಸೀನುತ್ತಾ ಜಿಗಿಯುವುದು ಬರೀ ಜಿಗಿಯುವುದಕ್ಕಿಂತ ಕಷ್ಟ.

ಇಲ್ಲಿಯವರೆಗೆ ಇದು ನಗುವ ಮಾತಾಗಿತ್ತು. ಮಳೆಗಾಲದ ಬಾಗಿಲಲ್ಲಿ ಅದು ಹಾಗೆ ಉಳಿಯಲಿಲ್ಲ. ಹೊಸ ಹುಲ್ಲು ಚಿಗುರಿದಾಗ ಕುರಿಗಳಿಗೆ ಕರುಳುಬೇನೆ ಬರುತ್ತದೆ. ಬೆಳಿಗ್ಗೆ ಮೇಯುತ್ತಿದ್ದ ಕುರಿ ಸಂಜೆಗೆ ಇರುವುದಿಲ್ಲ. ಮುಂಚೆಯೇ ಲಸಿಕೆ ಹಾಕಬೇಕು. ಲಸಿಕೆ ಗಾಜಿನ ಬಾಟಲಿಗಳಲ್ಲಿ ಮಂಡ್ಯಕ್ಕೆ ಬಂದಿತ್ತು. ಪ್ರತಿವರ್ಷ ಅದನ್ನು ಐಸು ಪೆಟ್ಟಿಗೆಯಲ್ಲಿಟ್ಟು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತರುತ್ತಿದ್ದೆ, ಒಂದು ಬಾಟಲಿಯೂ ಒಡೆದದ್ದಿಲ್ಲ. ಕಮಲ ಅದನ್ನೇ ಹೇಳಿದಳು. "ಬಸ್ಸಲ್ಲೇ ತನ್ನಿ. ಕಾರಲ್ಲಿ ಬೇಡ."

ಸ್ವಂತ ಕಾರಿಟ್ಟುಕೊಂಡು ಬಸ್ಸಿಗೆ ಕಾಯುವುದೇ? ನಾನು ಕಾರಿನಲ್ಲೇ ಹೋದೆ. ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ ಮಲಗಿಸಿ, ಹಗ್ಗ ಕಟ್ಟಿ, ಮಂಡ್ಯದಿಂದ ನೇರವಾಗಿ ಬಂಡೂರಿಗೆ ಬಿಟ್ಟೆ. ಅಲ್ಲಿ ನಿಂಗಮ್ಮ ಎಂಬ ಮುದುಕಿ ತನ್ನ ಮೂವತ್ತು ಚಿಲ್ಲರೆ ಕುರಿಗಳನ್ನು ಬೆಳಗಿನಿಂದ ರೊಪ್ಪದಲ್ಲೇ ಕೂಡಿಹಾಕಿಕೊಂಡು ಕಾದಿದ್ದಳು. ಅವಳ ಹಿಂದೆ ಅರ್ಧ ಊರಿನ ಕುರಿಗಳು. ನಾನು ಪೆಟ್ಟಿಗೆಯ ಮುಚ್ಚಳ ತೆಗೆದೆ. ಒಳಗೆ ಐಸು ನೀರು, ಲಸಿಕೆ, ಗಾಜಿನ ಚೂರು ಎಲ್ಲವೂ ಸೇರಿ ಒಂದು ಪಾಯಸವಾಗಿತ್ತು. ಇಡಿಯಾಗಿ ಉಳಿದದ್ದು ಎರಡೇ ಬಾಟಲಿ.

ನಿಂಗಮ್ಮ ಬಗ್ಗಿ ನೋಡಿದಳು. "ಇದೇನಪ್ಪಾ ಡಾಕ್ಟ್ರಪ್ಪ, ಮದ್ದು ತಂದಿದ್ದೀಯೋ, ಬಳೆ ಚೂರು ತಂದಿದ್ದೀಯೋ?"

"ದಾರಿ ಸರಿಯಿಲ್ಲ ನಿಂಗಮ್ಮ" ಅಂದೆ.

"ದಾರಿ ಓದ್ ವರ್ಸಾನೂ ಇದೇ ಅಲ್ವಾ?" ಅಂದಳು.

ಉಳಿದ ಎರಡು ಬಾಟಲಿಯನ್ನು ಮರಿ ಹಾಕಲಿದ್ದ ಕುರಿಗಳಿಗೆ ಹಾಕಿದೆ. ಮತ್ತೆ ಲಸಿಕೆ ಬರಲು ವಾರದ ಮೇಲಾಗುತ್ತಿತ್ತು. ಆ ವಾರದಲ್ಲೇ ನಿಂಗಮ್ಮನ ಒಂದು ಕುರಿ ಸತ್ತಿತು. ನಾನು ಹೋಗುವಷ್ಟರಲ್ಲಿ ಅದು ಹೊಟ್ಟೆ ಉಬ್ಬಿಕೊಂಡು ಬಿದ್ದಿತ್ತು, ಪಕ್ಕದಲ್ಲಿ ಮರಿ ನಿಂತು ಮೂಸುತ್ತಿತ್ತು. ಅವತ್ತು ನಿಂಗಮ್ಮ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದಳು. ನಾನು ಕಾರು ಅಲ್ಲಿಗೆ ತರದೆ ಸೈಕಲ್ಲಿನಲ್ಲಿ ಹೋಗಿದ್ದೆ. ಹಿಂದಿರುಗುವಾಗ ಅದನ್ನು ತಳ್ಳಿಕೊಂಡೇ ಬಂದೆ.

ಮಾರನೆಯ ದಿನ ಬೆಳಿಗ್ಗೆಯೇ ಕಾರನ್ನು ಮದ್ದೂರಿನ ಪಾಪಣ್ಣ ಮೇಸ್ತ್ರಿಯ ಶೆಡ್ಡಿಗೆ ಒಯ್ದೆ. ಲಾರಿಗಳನ್ನು ರಿಪೇರಿ ಮಾಡುತ್ತಿದ್ದ ದಪ್ಪ ಮೀಸೆಯ ಮನುಷ್ಯ, ಮಾತಿಗಿಂತ ಹೆಚ್ಚು ಎಲೆಅಡಿಕೆ. ದಾರಿಯುದ್ದಕ್ಕೂ ಯೋಚಿಸಿ ನಾನೇ ರೋಗವನ್ನು ಪತ್ತೆ ಮಾಡಿಟ್ಟಿದ್ದೆ. "ಸ್ಪ್ರಿಂಗು ಮೆತ್ತಗಾಗಿ ಕಾರು ಕುಸಿದಿದೆ ಪಾಪಣ್ಣ. ಒಂದೊಂದು ಕಡೆ ಟ್ರ್ಯಾಕ್ಟರ್ ಟ್ರೇಲರಿನ ಪಟ್ಟಿ ಸೇರಿಸಿ ಗಟ್ಟಿ ಮಾಡಿ, ಸಾಕು" ಎಂದು ಅಪ್ಪಣೆ ಕೊಟ್ಟೆ.

ಪಾಪಣ್ಣ ಉಗುಳಿ ಬಂದು ಕೇಳಿದ. "ಡಾಕ್ಟ್ರೇ, ನಿಮ್ತಾವ ಒಬ್ಬ ಅಸಾ ತಕಂಡು ಬತ್ತಾನೆ ಅನ್ಕಳಿ. ಬತ್ತಿದ್ದಂಗೇ 'ಇದಕ್ಕೆ ಇಂಥಾ ಸೂಜಿ ಚುಚ್ಚಿ' ಅಂತಾನೆ. ಚುಚ್ಬುಡ್ತೀರಾ?"

"ಅದು ಹೇಗಾಗುತ್ತೆ? ಹಸುವನ್ನು ನೋಡಬೇಡವೇ?"

"ಅಂಗಾರೆ ಬನ್ನಿ, ನೋಡಾಣ" ಎಂದು ಜಾಕ್ ಹಾಕಿ ಕಾರಿನ ಹಿಂಭಾಗ ಎತ್ತಿ, ಅಡಿಗೆ ಮರದ ದಿಮ್ಮಿ ಕೊಟ್ಟು, ನನ್ನನ್ನೂ ಗೋಣಿತಾಟಿನ ಮೇಲೆ ಮಲಗಿಸಿ ಕೆಳಗೆ ಎಳೆದುಕೊಂಡ. ಟಾರ್ಚು ಬಿಟ್ಟ. ಕಾರಿನ ಹೊಟ್ಟೆಯನ್ನು ಅದಕ್ಕೆ ಮೊದಲು ನಾನು ನೋಡಿಯೇ ಇರಲಿಲ್ಲ. ಸ್ಪ್ರಿಂಗಿನ ಪಟ್ಟಿಗಳಲ್ಲಿ ಅರ್ಧದಷ್ಟು ಇರಲೇ ಇಲ್ಲ. ಇದ್ದವೂ ಕೆಲಸ ಮಾಡುವಂತಿರಲಿಲ್ಲ. ಕಾರಿನ ಮೈಗೂ ಅಚ್ಚಿಗೂ ನಡುವೆ, ಪ್ರತಿ ಚಕ್ರದ ಬಳಿ ಒಂದೊಂದು ಹುಣಸೆ ಮರದ ತುಂಡು. ಮೈಯನ್ನೂ ಅಚ್ಚನ್ನೂ ಸೇರಿಸಿ ಬಿಗಿದು ಸುತ್ತಿದ್ದ ಸರಪಳಿ, ಅದರ ತುದಿ ಸಡಿಲವಾಗಿ ತೂಗುತ್ತಿತ್ತು. ಹಿಂದಿನಿಂದ ಘಲ್ ಘಲ್ ಎನ್ನುತ್ತಿದ್ದದ್ದು ಅದೇ. ಅದನ್ನು ಮುಟ್ಟಿ ನೋಡಿದೆ. ಈ ಕೈ ಸಾವಿರ ಸಲ ಮುಟ್ಟಿದ ವಸ್ತು ಅದು.

"ಪಾಪಣ್ಣ, ಇದು ಎಮ್ಮೆ ಕಟ್ಟೋ ಸರಪಳಿ!"

"ನಾನೇಳೋದ್ಕಿಂತ ನಿಮ್ಗೇ ಸಂದಾಕೆ ಗೊತ್ತು" ಅಂದ ಪಾಪಣ್ಣ. "ಸ್ಪ್ರಿಂಗು ಅಂದ್ರೆ ಮೇಕೂ ಕೆಳೀಕೂ ಆಡಕೆ ಜಾಗ ಇರ್ಬೇಕು. ಇದ್ನ ಕಟ್ಟಾಕ್ಬುಟ್ಟವ್ರೆ. ನೀವಿಷ್ಟ್ ದಿನ ಕಾರ್ ಮೇಲೆ ಕುಂತಿರ್ಲಿಲ್ಲ, ಅಚ್ಚಿನ್ ಮೇಲೇ ಕುಂತಿದ್ರಿ. ಇದ್ಕೆ ಟ್ರೇಲರ್ ಪಟ್ಟಿ ಬೇರೆ ಆಕಿದ್ದಿದ್ರೆ ನಿಮ್ ಅಲ್ಲು ನಂ ಸೆಡ್ನಲ್ಲೇ ಉದುರ್ತಿದ್ವು."

ನಾನು ಕಾರಿನ ಅಡಿಯಿಂದ ಹೊರಬಂದವನೇ ಬಸ್ಸು ಹತ್ತಿ ಕೊಪ್ಪಕ್ಕೆ ಹೋದೆ. ಸಿದ್ದೇಗೌಡರನ್ನು ನಾಲ್ಕು ಮಾತು ಕೇಳಲೇಬೇಕೆಂದು ಮಾತುಗಳನ್ನು ಜೋಡಿಸಿಕೊಂಡೇ ಅಂಗಳಕ್ಕೆ ಕಾಲಿಟ್ಟೆ. ಗೌಡರು ಗದ್ದೆಗೆ ಹೋಗಿದ್ದರು. ಒಬ್ಬ ಮುದುಕಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಸರಸರನೆ ನಡೆದು ಬಂದು, ಹೊರೆಯನ್ನು ಕೊಟ್ಟಿಗೆಯಲ್ಲಿ ಧೊಪ್ಪನೆ ಹಾಕಿ, "ಯಾರಪ್ಪಾ?" ಅಂದಳು.

"ನಾನು ಡಾಕ್ಟರು. ಸಿದ್ದೇಗೌಡರು ಇಲ್ಲವೇ? ನೀವು?"

"ಅವ್ನವ್ವ ಕಣಪ್ಪ. ಕೆಂಪಮ್ಮ."

ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದು ಎಮ್ಮೆಗೆ ತಗುಲಿದೆ. ಯಾರ ಆತ್ಮಕ್ಕೆ ಶಾಂತಿ ಕೋರಿ ಮಗನ ಭುಜ ತಟ್ಟಿದ್ದೆನೋ ಆಕೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ನನ್ನ ಮುಂದೆ ನಿಂತಿದ್ದಳು.

ಕಾರಿನ ವಿಷಯ ಎತ್ತಿದ ಕೂಡಲೇ ಕೆಂಪಮ್ಮ ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಮುಚ್ಚಿಡುವಂಥದ್ದು ಅದರಲ್ಲಿ ಇದೆ ಎಂದು ಆಕೆಗೆ ಅನ್ನಿಸಿರಲೇ ಇಲ್ಲ. "ನಂಗೆ ಮಂಡಿನೋವು ಕಣಪ್ಪ. ಕಾಲೆತ್ತಿ ಇಡಾಕೇ ಆಯ್ತಿರ್ನಿಲ್ಲ. ಮಂಡ್ಯದ್ ಆಸ್ಪತ್ರೆಗೆ ವಾರ ವಾರ ಓಗ್ಬೇಕು. ಕಾರ್ ಅತ್ತಾಕೆ ಆಗ್ನಿಲ್ಲ. ನನ್ ಮಗ ಕುಲುಮೇಲಿ ಕೊಟ್ಟು ಕಾರ್ನೇ ನನ್ ಮಟ್ಟಕ್ಕೆ ಇಳ್ಸ್ದ. ಅವ್ವಂಗೆ ಮೆಟ್ಲು ಆಕೋ ಬದ್ಲು ಕಾರ್ನೇ ಬಗ್ಗಿಸ್ದ ನೋಡಪ್ಪ."

"ಆದರೆ ಆ ಕುಲುಕು? ನಿಮಗೆ ತೊಂದರೆ ಆಗಲಿಲ್ಲವೇ?"

"ತೊಂದ್ರೆನಾ? ಆ ಕುಲುಕ್ಗೇ ಕಣಪ್ಪ ನನ್ ಮಂಡಿ ಸರಿಯಾಗಿದ್ದು! ಡಾಕ್ಟ್ರು ಮಾತ್ರೆ ಮಾತ್ರೆ ಅಂತಾರೆ. ಮಾತ್ರೆನೆಲ್ಲಾ ಇತ್ತಿಲ್ಗೆ ಎಸೀತಿದ್ದೆ. ಕಾರ್ನಲ್ಲಿ ಮಂಡ್ಯಕ್ಕೆ ಓಗಿ ಬರೋದು, ಅಷ್ಟೇಯ. ಈಗ ಕಾಲ್ ಸರಿ ಓಯ್ತು, ಕಾರ್ ಯಾಕೆ ಅಂತ ಮಾರ್ಸಿದೆ. ನಿಂಗೂ ಏನಾರ ಮಂಡಿನೋವಾ?"

ಜೋಡಿಸಿಕೊಂಡು ಬಂದಿದ್ದ ನಾಲ್ಕು ಮಾತುಗಳನ್ನು ಅಲ್ಲೇ ನುಂಗಿದೆ. ಆಕೆ ಕೊಟ್ಟ ಮಜ್ಜಿಗೆ ಕುಡಿದು ನಮಸ್ಕಾರ ಮಾಡಿ ಬಂದೆ. ತಾಯಿಗೋಸ್ಕರ ಕಾರನ್ನು ಬಗ್ಗಿಸಿದವನ ಮೇಲೆ ಸಿಟ್ಟು ಮಾಡಲು ನನ್ನಿಂದಾಗಲಿಲ್ಲ. ಅವರು ನನಗೆ ಸುಳ್ಳು ಹೇಳಿರಲಿಲ್ಲ, ನಾನೇ ಏನನ್ನೂ ಕೇಳಿರಲಿಲ್ಲ. ಹಸುವನ್ನು ಕೊಳ್ಳುವಾಗ ಹಲ್ಲು ಹಿಡಿದು ನೋಡುವವನು ಕಾರು ಕೊಳ್ಳುವಾಗ ಬಗ್ಗಿಯೂ ನೋಡಿರಲಿಲ್ಲ.

ಪಾಪಣ್ಣ ಐದು ದಿನ ತೆಗೆದುಕೊಂಡ. ಸರಪಳಿ ಬಿಚ್ಚಿದ, ಹುಣಸೆ ತುಂಡು ಕಿತ್ತ, ಮೈಸೂರಿನಿಂದ ಅಳತೆಗೆ ಸರಿಯಾದ ಪಟ್ಟಿಗಳನ್ನು ತರಿಸಿ ಕಟ್ಟಿದ. ಸತ್ತೇಹೋಗಿದ್ದ ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿದ. ಅವುಗಳ ಕೆಲಸವನ್ನು ಅಷ್ಟು ದಿನ ನಾನೇ ಮಾಡುತ್ತಿದ್ದೆನಂತೆ. ಕಾರು ತರಲು ಕಮಲಳೂ ನನ್ನ ಜೊತೆ ಬಂದಿದ್ದಳು. ಕಾರು ಒಂದು ಗೇಣಿಗೂ ಹೆಚ್ಚು ಎದ್ದು ನಿಂತಿತ್ತು. ಎಷ್ಟೋ ದಿನ ಮಲಗಿದ್ದ ದನ ಎದ್ದು ನಿಂತಾಗ ಆಗುವ ಸಂತೋಷ ನನಗಾಯಿತು. ನಾನು ಅದರ ಬೆನ್ನು ಸವರುತ್ತಿದ್ದಾಗ ಕಮಲ ಶೆಡ್ಡಿನಲ್ಲಿ ಪಾಪಣ್ಣನ ಹತ್ತಿರ ಏನೋ ಮಾತಾಡುತ್ತಿದ್ದಳು.

ಎರಡು ದಿನದಲ್ಲಿ ಹೊಸ ಲಸಿಕೆ ಮಂಡ್ಯಕ್ಕೆ ಬಂತು. ತೆಗೆದುಕೊಂಡು ಮದ್ದೂರಿಗೆ ಬರುವಷ್ಟರಲ್ಲಿ ಪಾಪಣ್ಣ ರಸ್ತೆಯ ಪಕ್ಕ ಕೈ ಅಡ್ಡ ಹಾಕಿ ನಿಂತಿದ್ದ. "ಟ್ರಯಲ್ ನೋಡ್ಬೇಕು" ಎಂದು ಹಿಂದೆ ಹತ್ತಿ ಪೆಟ್ಟಿಗೆಯ ಪಕ್ಕ ಕುಳಿತ. ಮಳವಳ್ಳಿ ಸಂತೆಯಿಂದ ನಿಂಗಮ್ಮ ನಡೆದು ಹೋಗುತ್ತಿದ್ದಳು. ಅವಳನ್ನೂ ಹತ್ತಿಸಿಕೊಂಡೆ. ಕಾರು ಎಂಥ ಹಿತವಾಗಿ ಹೋಗುತ್ತಿತ್ತೆಂದರೆ ನನಗೆ ಹುಮ್ಮಸ್ಸು ಬಂತು. ಒಂದು ಹಳ್ಳಕ್ಕೆ ವೇಗ ಇಳಿಸದೆ ಬಿಟ್ಟೆ, ಇನ್ನೊಂದನ್ನು ನೋಡಿ ಗಾಬರಿಯಾಗಿ ಬ್ರೇಕ್ ಒತ್ತಿದೆ, ಆಮೇಲೆ ಗೇರು ತಪ್ಪಿ ಕಾರು ಕಪ್ಪೆಯಂತೆ ಎರಡು ಸಲ ಹಾರಿತು. ಪೆಟ್ಟಿಗೆಯೊಳಗೆ ಬಾಟಲಿಗಳು ಟಣ್ ಟಣ್ ಎಂದವು. ನನ್ನ ಎದೆ ಧಸಕ್ಕೆಂದಿತು. ಕಾರಿನಲ್ಲಿ ಈಗ ಸರಪಳಿ ಇಲ್ಲ, ಹುಣಸೆ ತುಂಡು ಇಲ್ಲ, ರಸ್ತೆಯೂ ಹಳೆಯದೇ.

ಹಿಂದಿನಿಂದ ನಿಂಗಮ್ಮನ ಮಾತು ಕೇಳಿಸಿತು. "ಮೇಸ್ತ್ರಪ್ಪಾ, ಗಾಡಿ ಸರಿ ಮಾಡಿದ್ದೀಯೆ, ಒಪ್ಕತೀನಿ. ಓಡ್ಸೋರ್ನ ಯಾರ್ತಾವ ರಿಪೇರಿಗೆ ಬುಡ್ತೀಯ?"

"ಆ ಕೆಲ್ಸ ನಮ್ ಸೆಡ್ನಲ್ಲಿ ಆಗಾಕಿಲ್ಲ ಕಣವ್ವ" ಅಂದ ಪಾಪಣ್ಣ.

ನಾನು ಕಾರು ನಿಲ್ಲಿಸಿದೆ. ಪಾಪಣ್ಣನಿಗೆ ಜಾಗ ಬಿಟ್ಟುಕೊಟ್ಟು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತೆ. ಬಂಡೂರು ಸೇರುವವರೆಗೆ ಒಂದು ಬಾಟಲಿಯೂ ಸದ್ದು ಮಾಡಲಿಲ್ಲ. ಸಂಜೆಯೊಳಗೆ ಊರಿನ ಎಲ್ಲ ಕುರಿಗಳಿಗೂ ಲಸಿಕೆ ಬಿತ್ತು. ತಾಯಿ ಇಲ್ಲದ ಮರಿಯನ್ನು ನಿಂಗಮ್ಮ ತಾನೇ ಹಿಡಿದು ನನ್ನ ಮುಂದೆ ನಿಲ್ಲಿಸಿದಳು.

ಮನೆಗೆ ಬಂದು, "ಒಂದೂ ಒಡೆಯಲಿಲ್ಲ" ಎಂದು ಎದೆಯುಬ್ಬಿಸಿ ಹೇಳಿದೆ. ಯಾರು ಓಡಿಸಿದರು ಎಂಬುದನ್ನು ಹೇಳುವ ಅಗತ್ಯ ನನಗೆ ಕಾಣಲಿಲ್ಲ.

"ಒಡೆಯಲ್ಲ ಅಂತ ಗೊತ್ತಿತ್ತು" ಅಂದಳು ಕಮಲ, ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತದೆ. "ಪಾಪಣ್ಣನವರಿಗೆ ನಾನೇ ಅಲ್ವಾ ಹೇಳಿ ಬಂದಿದ್ದು, ಟ್ರಯಲ್ ಅಂತ ಹತ್ಕೊಳಿ, ಮಳವಳ್ಳಿ ದಾಟೋ ಹೊತ್ತಿಗೆ ನಮ್ಮನೆಯವರೇ ಸ್ಟೇರಿಂಗ್ ಬಿಟ್ಟುಕೊಡ್ತಾರೆ ಅಂತ."